ನಾನು ಹಸಿರು ತುಂಬಿದ ಕಾಲುದಾರಿ

ಪುಣೆಯ ಹಡಪಸರ ದಾಟಿದ ಮೇಲೆ ಸಿಗುವ ನಮ್ಮ ಸಣ್ಣ ಊರಿನಲ್ಲಿ ಈಗ ಜನ ಬೆಳಿಗ್ಗೆ ಆರಕ್ಕೆಲ್ಲ ಬಿಳಿ ಬೂಟು ಹಾಕಿಕೊಂಡು ಕಾಲುವೆಯ ದಂಡೆಯ ಮೇಲೆ ವಾಕಿಂಗ್ ಮಾಡುತ್ತಾರೆ. ನನ್ನನ್ನು ಕಂಡರೆ ನಿಲ್ಲಿಸಿ, ಎಂಥ ಚಂದದ ಟ್ರ್ಯಾಕ್ ಮಾಡಿಕೊಟ್ಟಿರಿ ಎಂದು ಮರಾಠಿಯಲ್ಲಿ ಹೊಗಳುತ್ತಾರೆ. ಮೈಯೆಲ್ಲ ಉರಿಯುತ್ತದೆ ನನಗೆ. ತಲೆಯಾಡಿಸಿ ಮುಂದೆ ಹೋಗುತ್ತೇನೆ.

ನಾನು ನಕ್ಷೆ ಬರೆಯುವವನು. ಧಾರವಾಡದಲ್ಲಿ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದೆ. ಸದಾಶಿವ ಪೇಠೆಯ ಒಂದು ಇಕ್ಕಟ್ಟಾದ ಆಫೀಸಿನಲ್ಲಿ ಕೂತು ಇಪ್ಪತ್ತು ವರ್ಷ ಕಂಡವರ ಊರುಗಳಿಗೆ ಗೆರೆ ಎಳೆದಿದ್ದೇನೆ. ನಾನಿರುವ ಊರಿನ ಪುರಸಭೆಯೇ ಉದ್ಯಾನ, ಕಾಲುದಾರಿಗಳ ಯೋಜನೆಯನ್ನು ನಮ್ಮ ಆಫೀಸಿಗೆ ಕೊಟ್ಟಾಗ ಹಿಗ್ಗಿ ಹೀರೇಕಾಯಿಯಾದೆ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿಯ ಮಾತು ಕೇಳಬೇಕಿತ್ತು.

ಆ ದಾರಿಯನ್ನು ನನಗೆ ತೋರಿಸಿದವಳು ನಮ್ಮ ಮನೆಯಲ್ಲೂ ಕಟ್ಟಡದ ಬೇರೆ ಮನೆಗಳಲ್ಲೂ ಪಾತ್ರೆ ತಿಕ್ಕುವ ಹೆಂಗಸು. ವಿಜಯಪುರದ ಕಡೆಯವಳು. ಗಂಡ ತೀರಿಕೊಂಡಿದ್ದ. ಕಾಲುವೆಯಾಚೆ ಕೂಲಿಯವರ ಗುಡಿಸಲುಗಳಿರುವ ವಸ್ತಿಯಲ್ಲಿ ಅವಳು ಮತ್ತು ಲಕ್ವ ಹೊಡೆದು ಹಾಸಿಗೆ ಹಿಡಿದ ಅವಳ ಅತ್ತೆ, ಇಬ್ಬರೇ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಕೈಯಲ್ಲಿದ್ದ ಕೆಲಸ ಬಿಟ್ಟು ಮನೆಗೆ ಓಡುತ್ತಿದ್ದಳು. ಮುದುಕಿಗೆ ಉಣಿಸಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ, ಒಂದೂವರೆಗೆಲ್ಲ ಮತ್ತೆ ನಮ್ಮ ಕಟ್ಟಡದಲ್ಲಿ ಇರುತ್ತಿದ್ದಳು.

"ಅಷ್ಟು ಲಗೂನ ಹೆಂಗ ಹೋಗಿ ಬರ್ತೀಯವ್ವಾ?" ಎಂದು ಒಂದು ದಿನ ಕೇಳಿದೆ.

"ದಂಡಿ ಮ್ಯಾಲ ದಾರಿ ಅದರೀ ಅಣ್ಣಾರ. ಹದಿನೈದು ಮಿನಿಟು. ಬರ್ರಿ, ತೋರಸ್ತೀನಿ" ಎಂದಳು.

ಹೋದೆ. ಜಾಲಿಕಂಟಿಗಳ ನಡುವೆ ಒಬ್ಬರು ಹೋಗುವಷ್ಟು ಅಗಲದ ದಾರಿ, ಚಪ್ಪಲಿಗಳು ತುಳಿದು ತುಳಿದು ನುಣ್ಣಗಾಗಿತ್ತು. ಕೆಸರಾಗುವ ಕಡೆ ಯಾರೋ ಒಂದು ಹಾಸುಗಲ್ಲು ತಂದು ಇಟ್ಟಿದ್ದರು. ಅವಳಂಥ ಹತ್ತಾರು ಹೆಂಗಸರು ಎದುರಿಗೆ ಬಂದರು, ಎಲ್ಲರಿಗೂ ಅವಸರ. ಆಫೀಸಿಗೆ ಬಂದು ಹಳೆಯ ನಕ್ಷೆ ಬಿಚ್ಚಿದರೆ ಆ ಜಾಗ ಖಾಲಿ ಬಿದ್ದಿತ್ತು. ಪಕ್ಕದ ನಿವೇಶನದಲ್ಲಿ ಆಗಲೇ ಬಿಲ್ಡರನ ಫಲಕ ಎದ್ದಿತ್ತು. ಹೀಗೇ ಬಿಟ್ಟರೆ ನಾಳೆ ಅಲ್ಲಿ ಕಾರು ನಿಲ್ಲುವುದು ಖಂಡಿತ. ಹೇಗಾದರೂ ಮಾಡಿ ದಾರಿಯನ್ನು ನಕ್ಷೆಗೆ ಸೇರಿಸಬೇಕೆಂದು ಹಟಕ್ಕೆ ಬಿದ್ದೆ. ರಸ್ತೆ ಎಂದು ತೋರಿಸಲು ಅಗಲ ಸಾಲದು. ಉಳಿದದ್ದು ಒಂದೇ, ಉದ್ಯಾನ. ಹಾಗೆಂದು ಬರೆದು ಹಸಿರು ತುಂಬಿದೆ. ಮನೆಗೆ ಬಂದು ಜಂಬದಿಂದ ಅವಳಿಗೂ ಹೇಳಿದೆ: "ಇನ್ನ ನಿನ್ನ ದಾರಿ ಯಾರೂ ಕಸಗೊಳ್ಳಂಗಿಲ್ಲ."

ಕೆಲಸ ಮುಗಿಯಿತು. ಕಲ್ಲಿನ ಹಾಸು, ದೀಪ, ಬೆಂಚು ಬಂದವು. ಸುತ್ತ ಬೇಲಿ, ಎರಡೂ ತುದಿಗೆ ಕಬ್ಬಿಣದ ಗೇಟು ಬಂದವು. ಗೇಟಿನ ಮೇಲೆ ವೇಳೆಯ ಫಲಕ: ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು. ಪುಣೆಯ ಉದ್ಯಾನಗಳಿಗೆ ಮಧ್ಯಾಹ್ನ ಬೀಗ ಬೀಳುವುದನ್ನು ಇಪ್ಪತ್ತು ವರ್ಷ ಕಣ್ಣಾರೆ ನೋಡಿದವನು ನಾನು. ಬೇಲಿಯ ಒಂದೊಂದು ಕಂಬವನ್ನೂ ನಾನೇ ಗುರುತು ಮಾಡಿದ್ದೆ. ಬೀಗದ ಯೋಚನೆ ಮಾತ್ರ ಬರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ.

ಮೊದಲನೆಯ ದಿನವೇ ಅವಳು ಗೇಟಿನಿಂದ ತಿರುಗಿ ನಮ್ಮ ಮನೆಗೆ ಬಂದಳು.

"ಹೈವೇ ಸುತ್ತಿ ಹೋದ್ರ ಒಂದು ತಾಸು ಹಿಡೀತದ್ರಿ. ಬರಾಕ ಮತ್ತೊಂದು ತಾಸು. ಮುದುಕಿ ಸಂಜೀತನಾ ಹಂಗಽ ಹಸಿ ಬಟ್ಟ್ಯಾಗ ಬಿದ್ದಿರಬೇಕಲ್ರಿ." ಮತ್ತೆ ಹೇಳಿದಳು: "ನೀವಽ ಬರದೀರಂತಲ್ರಿ ಅಣ್ಣಾರ. ಅಳಿಸಿಬಿಡ್ರಿ."

ಪುರಸಭೆಗೆ ಹೋದೆ. ಅಧಿಕಾರಿ ಕೆಟ್ಟವನೇನಲ್ಲ, ಚಹಾ ತರಿಸಿದ. ಮಧ್ಯಾಹ್ನವೂ ಗೇಟು ತೆಗೆಯಿರಿ, ಹೆಂಗಸರು ನಡೆಯುವ ದಾರಿ ಅದು ಎಂದೆ. ಅವನು ನನ್ನದೇ ವರದಿ ತೆಗೆದು ಮುಂದಿಟ್ಟ. ಬಳಸುವವರು: ವಾಕಿಂಗ್ ಮಾಡುವವರು, ಹಿರಿಯ ನಾಗರಿಕರು, ಮಕ್ಕಳು. "ಈ ಹೆಂಗಸರು ಇದರಲ್ಲಿ ಎಲ್ಲಿದ್ದಾರೆ?" ಎಂದು ಮರಾಠಿಯಲ್ಲಿ ಕೇಳಿದ. ಎಲ್ಲಿಯೂ ಇರಲಿಲ್ಲ. ಉದ್ಯಾನದ ಫಾರ್ಮಿನಲ್ಲಿ ಇದ್ದ ಖಾನೆ ಮೂರೇ, ನಾನು ಮೂರನ್ನೇ ತುಂಬಿದ್ದೆ. "ಬಘೂಯಾ" ಎಂದ, ನೋಡೋಣ ಅಂತ. ಆಮೇಲೆ ನಾಲ್ಕು ಸಲ ಹೋದೆ. ನಾಲ್ಕು ಸಲವೂ ಚಹಾ, ನಾಲ್ಕು ಸಲವೂ ಬಘೂಯಾ.

ಅವಳು ಮಧ್ಯಾಹ್ನದ ಎರಡು ಮನೆ ಬಿಟ್ಟಳು. ಹೊಟ್ಟೆಗೆ ಸಾಲದಾಗಿ ಒಂದನ್ನು ಮತ್ತೆ ಹಿಡಿದಳು. ಮುದುಕಿಯ ಬೆನ್ನಿಗೆ ಹುಣ್ಣಾಗಿದೆ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದ್ದಳಂತೆ. ನನ್ನ ಮುಂದೆ ಆ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ.

ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಅವಳ ನೆರೆಮನೆಯವರ ಫೋನು ಬಂತು, ಮುದುಕಿ ಹೋದಳು ಎಂದು. ಇವಳು ಹೈವೇ ಸುತ್ತಿ ಮನೆ ಮುಟ್ಟುವಷ್ಟರಲ್ಲಿ ಮುದುಕಿ ಮಂಚದಿಂದ ಜಾರಿ ನೆಲದ ಮೇಲೆ ಬಿದ್ದಿದ್ದಳಂತೆ. ಒಂದು ಕೈ ನೀರಿನ ತಂಬಿಗೆಯ ಕಡೆಗೆ ಚಾಚಿತ್ತಂತೆ.

ಕೂಡಲೇ ಹೊರಟೆ. ರೂಢಿಬಲದಿಂದ ಕಾಲುವೆಯ ದಂಡೆಗೇ ಹೋದೆ. ಬೀಗ. ಮುದಿ ಕಾವಲುಗಾರ ನನ್ನ ಗುರುತು ಹಿಡಿದು ಎದ್ದು ನಿಂತ, ಗೇಟು ತೆಗೆಯುವುದು ನಾಲ್ಕಕ್ಕೆ, ಆಗ ಬನ್ನಿ ಸಾಹೇಬರೇ ಎಂದ. ತೆಗೆ ಎನ್ನಲು ನನಗೆ ಬಾಯಿ ಬರಲಿಲ್ಲ. ಹೈವೇ ಹಿಡಿದೆ. ಪಾದಚಾರಿಗಳಿಗೆ ಜಾಗವೇ ಇಲ್ಲ, ಲಾರಿಗಳು ಮೈಗೆ ಒರಗಿದಂತೆ ಹೋಗುತ್ತವೆ, ಒಂದು ಮರದ ನೆರಳಿಲ್ಲ. ಇಷ್ಟು ವರ್ಷದಲ್ಲಿ ಆ ಹೈವೇಯಲ್ಲಿ ನಾನು ಒಮ್ಮೆಯೂ ನಡೆದಿರಲಿಲ್ಲ. ನಡೆಯುತ್ತ ಅತ್ತುಬಿಟ್ಟೆ.

ಅವಳು ಹೊಸ್ತಿಲ ಹತ್ತಿರ ಕೂತಿದ್ದಳು. ಏನಾದರೂ ಅನ್ನಲಿ, ಶಪಿಸಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ಧೂಳಾದ ನನ್ನ ಕಾಲು ನೋಡಿದಳು.

"ಸುತ್ತು ಹಾಕಿ ಬಂದ್ರೇನ್ರಿ ಅಣ್ಣಾರ?" ಎಂದಳು. "ಕಾಲು ನೊಂದಿರಬೇಕು. ನಿಮಗ ರೂಢಿ ಇಲ್ಲ."

ಹಾಗೆಂದು ಸ್ವಲ್ಪ ಸರಿದು, ನೆರಳಿನಲ್ಲಿ ನನಗೆ ಕೂಡಲು ಜಾಗ ಮಾಡಿದಳು.