ಹಗೇವಿನ ತಳದವರೆಗೆ

ಯಲಬುರ್ಗಾದಿಂದ ಎರಡು ಹರದಾರಿ ದೂರದ ಆ ಹಳ್ಳಿಯಲ್ಲಿ ಪಕ್ಕೀರವ್ವನ ಒಲೆಯ ಹೊಗೆಯ ಮೇಲೆ ಓಣಿಯ ಕಣ್ಣಿತ್ತು. ೧೯೪೩ರ ಮಳೆಗಾಲ ಅದು. ನಿಜಾಮ ಸರಕಾರದ ಲೇವಿಗೆ, ಕಡ್ಡಾಯ ಧಾನ್ಯವಸೂಲಿಗೆ, ಜೋಳ ಅಳೆದುಕೊಟ್ಟ ಮನೆಗಳಲ್ಲಿ ಒಲೆ ಒಂದೇ ಹೊತ್ತು ಉರಿಯುತ್ತಿತ್ತು. ಈ ಒಂಟಿ ವಿಧವೆಯ ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ ದಿನಕ್ಕೆರಡು ಸಲ ಹೊಗೆ ಏಳುತ್ತಿತ್ತು. ಅವಳು ಯಾರ ಮನೆಗೂ ಹಿಟ್ಟು ಕೇಳಿಕೊಂಡು ಹೋದವಳಲ್ಲ. ಕೇಳದಿದ್ದುದೇ ಅವಳ ಮೇಲಿನ ಮೊದಲ ಆರೋಪವಾಯಿತು.

ಅವಳನ್ನು ಸಾಕುತ್ತಿದ್ದುದು ಊರ ಹೊರಗಿನ ಗುಡ್ಡ ಮತ್ತು ಹೊಲದ ಬದುಗಳು. ಹತ್ತರಕಿ, ಗೋಳಿಪಲ್ಯ, ಮಂಗರವಳ್ಳಿಯ ಎಳೆಯ ಗೆಣ್ಣು, ಎಲ್ಲವನ್ನೂ ತವರಿನಲ್ಲಿ ತಾಯಿಯ ಹಿಂದೆ ಅಲೆದು ಕಲಿತಿದ್ದಳು. ಮಂಗರವಳ್ಳಿಯನ್ನು ಹುಣಸೆಹಣ್ಣಿಲ್ಲದೆ ಅರೆದರೆ ಗಂಟಲು ಕೆರೆಯುತ್ತದೆ. ಅಡವಿಗೆಣಸನ್ನು ಹೆಚ್ಚಿ, ಬೂದಿ ಸವರಿ, ನೀರಿನಲ್ಲಿ ನೆನೆಯಿಟ್ಟು, ಆ ನೀರನ್ನು ಚೆಲ್ಲಿದ ಮೇಲೆಯೇ ಬೇಯಿಸಬೇಕು, ಇಲ್ಲದಿದ್ದರೆ ನಂಜಾಗುತ್ತದೆ. ಈ ತಿಳಿವಳಿಕೆಯಲ್ಲಿ ಅವಳಿಗೆ ಸಂದೇಹವಿರಲಿಲ್ಲ. ಊರಿಗಿತ್ತು. ನಾಲ್ಕು ವರ್ಷಗಳ ಹಿಂದೆ ಗಂಡ ದ್ಯಾವಪ್ಪ ವಾಂತಿಭೇದಿಯಿಂದ ತೀರಿಕೊಂಡಿದ್ದ. ಅದೇ ವಾರ ಅದೇ ಬೇನೆಯಿಂದ ಇನ್ನೂ ಮೂವರು ಸತ್ತರು. ಅವರಾರೂ ಗೆಣಸು ತಿಂದವರಲ್ಲ. ಆದರೂ ಓಣಿ ಅವಳು ಗಂಡನಿಗೆ ಬಡಿಸಿದ ಗೆಣಸನ್ನೇ ಹಿಡಿದುಕೊಂಡಿತು. ಅಂದಿನಿಂದ ಪಕ್ಕೀರವ್ವ ಗುಡ್ಡದಿಂದ ಗೆಣಸು ತರುವುದನ್ನು ಬಿಟ್ಟಳು. ಅಂದರೆ, ಜನ ನೋಡುವಂತೆ ತರುವುದನ್ನು ಬಿಟ್ಟಳು.

ಅಡವಿಗೆಣಸಿನ ಗಡ್ಡೆ ಕಲ್ಲುಗಳ ನಡುವೆ ನೆಟ್ಟಗೆ ಆಳಕ್ಕಿಳಿಯುತ್ತದೆ. ಒಂದನ್ನು ಅಗೆಯಲು ಅರ್ಧ ದಿನ ಬೇಕು. ಅವಳ ಹಿತ್ತಲಿನಲ್ಲಿ ಮಾವನ ಕಾಲದ ಹಗೇವು, ಕಾಳು ತುಂಬಿಡುವ ಆಳದ ನೆಲಗುಳಿ, ಬರಿದಾಗಿ ಬಿದ್ದಿತ್ತು. ಅದನ್ನು ಹಳ್ಳದ ಸಡಿಲ ಮಣ್ಣಿನಿಂದ ಬಾಯಿತನಕ ತುಂಬಿ ಹನ್ನೊಂದು ಗೆಣಸಿನ ತಲೆಗಳನ್ನು, ಮತ್ತೆ ಚಿಗುರುವ ಮೇಲ್ತುದಿಗಳನ್ನು, ನೆಟ್ಟಳು. ಎರಡನೆಯ ಮಳೆಗಾಲವಾದ ಈ ವರ್ಷ ಬಳ್ಳಿ ಗೋಡೆ ಹತ್ತಿತು. ಅದು ಒಣಗುವವರೆಗೆ, ಇನ್ನೂ ಮೂರು ತಿಂಗಳು, ಗಡ್ಡೆಯನ್ನು ಮುಟ್ಟುವಂತಿರಲಿಲ್ಲ. ಬರುವ ಬೇಸಿಗೆಯ ಊಟವೆಲ್ಲ ಆ ಗುಳಿಯಲ್ಲಿತ್ತು.

ಭಾದ್ರಪದದ ಒಂದು ಮುಂಜಾನೆ ಕೊಪ್ಪಳದಿಂದ ಲೇವಿಯ ಗುಮಾಸ್ತ ದೇವೇಂದ್ರಪ್ಪ ಬಂದ. ಜೊತೆಗೆ ಹಗೇವು ತೆಗೆಯುವುದನ್ನೇ ಕಸುಬು ಮಾಡಿಕೊಂಡಿದ್ದ ನೂರಸಾಬ. ಪಕ್ಕದ ಮನೆಯ ಗಾಳೆಮ್ಮ ಮೊದಲೇ ಗೋಡೆಗೆ ಆತು ನಿಂತಿದ್ದಳು.

“ಹಗೇವಿನಾಗ ಏನೈತಿ?” ಗುಮಾಸ್ತ ಕೇಳಿದ.

“ಮಣ್ಣ ಐತ್ರಿ,” ಎಂದಳು ಪಕ್ಕೀರವ್ವ. “ಮಳಿ ಇಲ್ಲದ ದಿನ ಕೊಡಗಟ್ಟಲೆ ನೀರು ಹಾಕ್ತೀನ್ರಿ. ಜ್ವಾಳದ ಹಗೇವಿಗೆ ಯಾರರ ನೀರು ಹಾಕ್ತಾರೇನ್ರಿ?”

“ಮಂದಿ ಕಾಣಲಿ ಅಂತ ಹಾಕ್ತಾರ.”

ನೂರಸಾಬ ಮೊಣಕಾಲೂರಿ ಮಣ್ಣಿಗೆ ಮೂಗು ತಂದ. “ಕಾಳಿದ್ದ ಹಗೇವು ಕಾವು ಉಗುಳತೈತ್ರಿ ಸಾಹೇಬ್ರ, ಹುಳಿ ವಾಸನಿ ಹೊಡೀತೈತಿ. ಇದು ತಣ್ಣಗೈತಿ.”

“ನಿನಗೆಷ್ಟು ಪಾಲು ಕೊಡ್ತೀನಂದಾಳೋ?”

ನೂರಸಾಬ ಎದ್ದು ದೂರ ಸರಿದ. ಆಮೇಲೆ ಅವನು ಅವಳ ಕಡೆಗೆ ನೋಡಲಿಲ್ಲ.

ದೇವೇಂದ್ರಪ್ಪ ತಾನೇ ಕಬ್ಬಿಣದ ಸಲಾಕೆಯನ್ನು ಮಣ್ಣಿಗೆ ಇಳಿಸಿದ. ಮೇಲೆ ಬಂದ ಅದರ ತುದಿಯಲ್ಲಿ ಬೆಳ್ಳನೆಯ ಅಂಟು ಮೆತ್ತಿತ್ತು.

“ಹಿಟ್ಟು!”

“ನಾ ಹೇಳಿ ಕಳಿಸಿದ್ದು ಸುಳ್ಳಾತೇನ್ರಿ?” ಎಂದುಬಿಟ್ಟ ಗಾಳೆಮ್ಮ ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕಾಳುಗಳ್ಳಿಯೆನಿಸಿಕೊಳ್ಳಬೇಕು, ಇಲ್ಲವೇ ಗೆಣಸಿನ ಹೆಸರೆತ್ತಬೇಕು. ಪಕ್ಕೀರವ್ವ ಹೆಸರೆತ್ತಿದಳು.

“ಹಿಟ್ಟಲ್ರಿ. ಅಡವಿಗೆಣಸಿನ ಹಾಲು.”

“ದ್ಯಾವಪ್ಪಗ ತಿನಿಸಿದ್ದು ಇದ ಏನವಾ?” ಗಾಳೆಮ್ಮನ ದನಿ ಮರಳಿತು.

“ಅವತ್ತು ನಾನೂ ಉಂಡಿದ್ದೆ. ನಿನ್ನ ಕಣ್ಣಮುಂದ ನಿಂತೀನಲ್ಲ.”

“ನೀ ಎಷ್ಟು ಉಂಡಿ, ಅಂವಗ ಎಷ್ಟು ಬಡಿಸಿದಿ, ಯಾರು ನೋಡ್ಯಾರ?”

ಪಕ್ಕೀರವ್ವ ಒಳಗೆ ಹೋಗಿ, ಬೂದಿ ಸವರಿ ನೆನೆಸಿ ಒಣಗಿಸಿಟ್ಟಿದ್ದ ಗೆಣಸಿನ ಹೋಳುಗಳನ್ನು ತಂದು, ಹಿತ್ತಲಿನಲ್ಲಿಯೇ ಮೂರು ಕಲ್ಲು ಹೂಡಿ, ಹುಣಸೆಹುಳಿ ಹಾಕಿ ಬೇಯಿಸಿದಳು. ಎಲ್ಲರೆದುರು ಕುಳಿತು ಗಂಗಾಳವನ್ನು ಖಾಲಿ ಮಾಡಿದಳು. ಗೋಡೆಯ ನೆರಳು ತುಳಸಿಕಟ್ಟೆಯನ್ನು ದಾಟುವ ತನಕ ಗುಮಾಸ್ತ ಅವಳ ಮುಖವನ್ನೇ ನೋಡುತ್ತ ಕುಳಿತ. ಅವಳಿಗೇನೂ ಆಗಲಿಲ್ಲ.

“ಆತು, ಗೆಣಸಂತ ನಂಬಿದೆ,” ಎಂದು ಎದ್ದ. “ಮ್ಯಾಲ ಗೆಣಸು. ಕೆಳಗ?”

“ಮೂರು ತಿಂಗಳು ತಡೀರಿ ಯಪ್ಪಾ. ನಾನ ತಗದು ತಳಾ ತೋರಸ್ತೀನಿ.”

“ಮೂರು ತಿಂಗಳಾಗ ಜ್ವಾಳಕ್ಕ ಕಾಲು ಬರ್ತಾವ. ಅಗಿಯೋ ನೂರಸಾಬ.”

ಬಳ್ಳಿ ಗೋಡೆಯಿಂದ ಕಳಚಿ ಬಿತ್ತು. ಮಣ್ಣಿನೊಡನೆ ಗೆಣಸುಗಳು ಬಂದವು: ಮೊಳದುದ್ದ, ಇನ್ನೂ ಬಲಿಯದವು, ಸಲಿಕೆ ತಗುಲಿದಲ್ಲಿ ಹಾಲು ಸುರಿಸುತ್ತ ಮುರಿದವು. ಕೊನೆಗೆ ತಳದ ಕಲ್ಲುಹಾಸು ಕಂಡಿತು. ದೇವೇಂದ್ರಪ್ಪ ಅದನ್ನೂ ಸಲಾಕೆಯಿಂದ ಬಡಿದು ಕಿವಿಗೊಟ್ಟ. “ಈ ಸಲ ಇಲ್ಲ,” ಎಂದು ಚಪ್ಪಲಿ ಮೆಟ್ಟಿ ಹೊರಟ.

“ನೀನ ತೋಡಿದಿ, ನೀನ ತುಂಬಿ ಹೋಗು,” ಎಂದು ಪಕ್ಕೀರವ್ವ ನೂರಸಾಬನನ್ನು ತಡೆದಳು. ಅವನು ಮಣ್ಣನ್ನೆಲ್ಲ ಮರಳಿ ತುಂಬಿದ. ಗಡಿಗೆಯಲ್ಲಿ ಉಳಿದಿದ್ದ ಗೆಣಸನ್ನು ಅವಳು ಅವನ ಮುಂದಿಟ್ಟಳು. ಕಾಳಿಲ್ಲವೆಂದು ಅವಳ ಪರವಾಗಿ ನುಡಿದವನು ಅವನೊಬ್ಬನೇ. ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

“ಹೊಟ್ಟಿ ತುಂಬೈತಿಬೇ,” ಎಂದು ಅವನು ಸಲಿಕೆ ಎತ್ತಿಕೊಂಡ.

ಮುರಿದ ಗೆಣಸನ್ನು ಅವಳು ಹೆಚ್ಚಿ ಬೂದಿ ಸವರಿದಳು. ಬೇಸಿಗೆ ದಾಟಿಸಬೇಕಾದದ್ದು ಈಗ ದೀಪಾವಳಿಯವರೆಗೂ ಬರುವಂತಿರಲಿಲ್ಲ. ಪ್ರತಿ ಗಡ್ಡೆಯ ತಲೆಯನ್ನು ನಾಲ್ಕು ಬೆರಳಿನಷ್ಟು ಬಿಟ್ಟು ಕೊಯ್ದು, ಐದನ್ನು ಮಾತ್ರ ಮತ್ತೆ ಗುಳಿಯಲ್ಲಿ ಹೂಳಿದಳು.

“ಉಳಿದ ಆರು ಎಲ್ಲ್ಯದಾವ?” ಗೋಡೆಯ ಆಚೆಯಿಂದ ಗಾಳೆಮ್ಮ ಕೇಳಿದಳು. ಅವಳು ಲೆಕ್ಕ ಇಟ್ಟಿದ್ದಳು.

“ಜಜ್ಜಿ ಹೋಗಿದ್ವು. ಒಗದೆ.”

ಮರುದಿನ ಮುಂಜಾನೆ ಪಕ್ಕೀರವ್ವ ಆ ಆರು ತಲೆಗಳನ್ನು ಗೊಬ್ಬರದಡಿ ಮುಚ್ಚಿದ ಬುಟ್ಟಿ ಹೊತ್ತು ಗುಡ್ಡದ ಕಡೆಗೆ ನಡೆದಳು. ಊರು ಮರೆಯಾಗುವ ಮುನ್ನ ಮೂರು ಸಲ ಹಿಂತಿರುಗಿ ನೋಡಿದಳು. ಮೂರನೆಯ ಸಲ ಯಾರೂ ಕಾಣಲಿಲ್ಲ. ಆದರೂ ಅವಳು ದಾರಿ ಬದಲಿಸಿದಳು.