ದೊಡ್ಡವ್ವನ ಮುಖ

ನನ್ನ ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ನಮ್ಮಿಬ್ಬರನ್ನೂ ನೋಡಿದವರು ಯಾರೂ ಅದನ್ನು ನಂಬುವುದಿಲ್ಲ.

ಇಬ್ಬರಿಗೂ ಕೆನ್ನೆಯ ಮೇಲೆ ಬಂಗಿನ ಕಪ್ಪು ಕಲೆ ಇತ್ತು. ನಮ್ಮವ್ವನಿಗೂ ಇತ್ತು, ಅವಳು ಅರಿಷಿಣ ಹಚ್ಚಿಕೊಂಡು ಸುಮ್ಮನಿದ್ದಳು. ಆದರೆ ನನ್ನ ಮಗಳಿಗೆ ಹಾವೇರಿಯ ಗಂಡು ಗಟ್ಟಿಯಾದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಹೆಣ್ಣು ನೋಡಲು ಬಂದಾಗ ಹುಡುಗನ ತಾಯಿ ಬಂದಿರಲಿಲ್ಲ; ನಿಶ್ಚಯದ ದಿನ ಬೀಗರೆದುರು ಹುಡುಗಿಯ ತಾಯಿ ಅಂತ ಕೂಡುವವಳು ನಾನು. ರಾಣೆಬೆನ್ನೂರಿನ ಅಕ್ಕ ಫೋನಿನಲ್ಲಿ, “ಇಲ್ಲೇ ಚರ್ಮದ ಡಾಕ್ಟರ್ ಅದಾರ, ಲೇಸರ್ ಮಾಡ್ತಾರ. ಬಾರವಾ, ಇಬ್ಬರೂ ಮಾಡಿಸ್ಕೊಳ್ಳೂಣು” ಅಂದಳು. ಬ್ಯಾಡಗಿಯಿಂದ ಬಸ್ಸು ಹತ್ತಿದೆ. ಒಂದೇ ದವಾಖಾನೆ, ಒಂದೇ ಮಷಿನ್ನು, ಒಂದೇ ದಿನ.

ಅಕ್ಕನ ಮುಖ ತಿಳಿಯಾಯಿತು. ನನ್ನದು ಮೊದಲು ಕೆಂಪಾಯಿತು, ಆಮೇಲೆ ಹುಣಸೆಹುಳಿ ಬಳಿದು ಒಣಗಿಸಿದ ಹಾಗೆ ಕಪ್ಪಾಯಿತು. ಬಂಗು ಇದ್ದದ್ದೇ ವಾಸಿಯಿತ್ತು!

ಮತ್ತೆ ಡಾಕ್ಟರ ಹತ್ತಿರ ಓಡಿದೆ. ಇನ್ನೊಮ್ಮೆ ಜೋರಾಗಿ ಲೇಸರ್ ಹೊಡೆಯಿರಿ ಅಂತ ಜಗಳವನ್ನೇ ತೆಗೆದೆ. “ಇನ್ನೊಮ್ಮೆ ಹೊಡದ್ರ ಇನ್ನಷ್ಟು ಕಪ್ಪಾಗ್ತೈತ್ರಿ. ಕೆಲವರ ಚರ್ಮ ಈ ಶಾಖ ತಡಿಯೂದಿಲ್ಲ. ಇದು ಇಳಿತೈತಿ, ಆದ್ರ ತಿಂಗಳುಗಟ್ಟಲೆ ಬೇಕು. ಲಿಂಬಿಹಣ್ಣು, ಅರಿಷಿಣ ಏನೂ ತಿಕ್ಕಬ್ಯಾಡ್ರಿ. ಮನಿಯಾಗಿದ್ರೂ ಬಿಸಿಲಿನ ಕ್ರೀಮ್ ಹಚ್ಚರಿ” ಅಂದರು. ನಿಶ್ಚಯಕ್ಕೆ ಅಷ್ಟು ತಿಂಗಳು ಎಲ್ಲಿದ್ದವು?

ಮೆಣಸಿನಕಾಯಿ ದಲಾಲಿ ಅಂಗಡಿಯ ನನ್ನ ಗಂಡನಿಗೆ ಇದೂ ಚೇಷ್ಟೆ. “ನಮ್ಮ ಮಾರ್ಕೆಟ್ಟಿನ್ಯಾಗ ಬಣ್ಣ ಹೋದ ಕಾಯಿಗೆ ರೇಟಿಲ್ಲ. ನಿಂದು ಬಣ್ಣ ಹೆಚ್ಚಾಗೈತಿ, ಚಿಂತಿ ಯಾಕ?” ಅಂದರು. ಅವತ್ತು ಅವರ ತಟ್ಟೆಗೆ ರೊಟ್ಟಿಯನ್ನು ನಾನು ಬಡಿಸಲಿಲ್ಲ, ಒಗೆದೆ.

ಹೊಟ್ಟೆ ಉರಿದದ್ದು ಗಂಡನ ಮಾತಿಗಲ್ಲ. ಅಕ್ಕ ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳು. “ನಿಂದು ಇಳೀತೇನವಾ?” ಅಂತ ಮುಖವನ್ನು ಫೋನಿನ ಹತ್ತಿರ ತರುವಳು. ಆ ತಿಳಿ ಕೆನ್ನೆ ನೋಡಿದರೆ ಸಾಕು, ನನ್ನ ಎದೆಯಲ್ಲಿ ಬೆಂಕಿ. ಅವಳ ಬಂಗು ತಿರುಗಿ ಬರಲಿ ಅಂತ ದೇವರ ಮುಂದೆ ಊದಿನಕಡ್ಡಿ ಹಿಡಿದುಕೊಂಡೇ ಬೇಡಿದ್ದೇನೆ.

ನಿಶ್ಚಯದ ದಿನ ಹಾವೇರಿಯಲ್ಲಿ ನಾವಿಬ್ಬರೂ ಜೋಡಿಯಾಗಿಯೇ ಕೂತಿದ್ದೆವು. ಮೊದಲು ಉಡಿ ತುಂಬುವುದು ಹುಡುಗಿಯ ತಾಯಿಗೆ. ಅದರಲ್ಲಿಡುವ ಹಸಿರು ರವಿಕೆ ಖಣವನ್ನು, ಹುಡುಗನ ಕಡೆಯವರ ಜತೆ ಜವಳಿಗೆ ಹೋಗಿದ್ದ ನನ್ನ ಮಗಳೇ ನನಗಾಗಿ ಆರಿಸಿದ್ದಾಳೆಂದು ನನಗೆ ಮೊದಲೇ ಗೊತ್ತಿತ್ತು. ಹುಡುಗನ ತಾಯಿ ಅಕ್ಕಿ, ಕೊಬ್ಬರಿ, ಖಣ ಹಿಡಿದು ನೆಟ್ಟಗೆ ಬಂದವರು ಅಕ್ಕನ ಮುಂದೆ ನಿಂತರು. ಅಕ್ಕ ರೂಢಿಯಂತೆ ಸೆರಗು ಒಡ್ಡಿದಳು. ಖಣ ಬಿತ್ತು, ಕೊಬ್ಬರಿ ಬಿತ್ತು, ಅಕ್ಕಿಯೂ ಬಿತ್ತು.

“ನಮ್ಮ ಮನಿಗೆ ಬಂಗಾರದಂಥ ಹುಡುಗಿ ಕೊಟ್ರಿ, ಬೀಗತೇರ” ಅಂದರು.

“ಅಯ್ಯ, ನಾ ಅಲ್ರಿ! ಹುಡುಗಿ ತಾಯಿ ಈಕಿ!”

ಬೀಗತಿ ನನ್ನ ಮುಖ ನೋಡಿದರು. “ಹೌದೇನ್ರಿ? ನಾ ನಿಮ್ಮನ್ನ ಹುಡುಗಿ ದೊಡ್ಡವ್ವ ಅಂತ ತಿಳ್ಕೊಂಡಿದ್ನಿ.”

ಅಕ್ಕ ಗಡಿಬಿಡಿಯಲ್ಲಿ ಖಣ ತೆಗೆದು ನನ್ನ ಕೈಗಿಡಲು ಬಂದಳು. “ತುಂಬಿದ ಉಡಿ ಹಂಗ ಕೊಡಾಕ ಬರೂದಿಲ್ಲ. ಇಟ್ಕೋ” ಅಂದೆ. ನನಗೆ ಎರಡನೆಯ ಉಡಿ ಬಂತು, ಬಂದವರಿಗೆಲ್ಲ ಕೊಡುವ ಯಾವುದೋ ಒಂದು ಖಣದ ಜತೆ. ಫೋಟೋಕ್ಕೆ ಕರೆದಾಗ ಸೆರಗನ್ನು ಕೆನ್ನೆಯವರೆಗೆ ಎಳೆದುಕೊಂಡೆ. ಆಮೇಲೆ ಎಷ್ಟೋ ದಿನ ಅಕ್ಕನ ಫೋನ್ ಎತ್ತಲಿಲ್ಲ.

ಮೊನ್ನೆ ಅವಳೇ ಬಂದಳು, ಕೈಯಲ್ಲೊಂದು ಚೀಲ. ಒಳಗೆ ಆ ಹಸಿರು ಖಣ, ಜಂಪರಾಗಿ ಹೊಲಿದದ್ದು.

“ಉಡಿ ಕೊಡಾಕ ಬರೂದಿಲ್ಲ ಅಂದಿ. ತಂಗಿಗೆ ಜಂಪರ ಹೊಲಿಸಿ ಕೊಡಾಕರ ಬರ್ತೈತಿಲ್ಲೋ? ನಿನ್ನ ಅಳತಿಗೇ ಹೊಲಿಸೇನಿ. ಮದುವಿ ದಿನ ಇದನ್ನ ಹಾಕ್ಕೋ, ಬೀಗತಿಗೆ ತಾಯಿ ಯಾರಂತ ತಿಳಿಲಿ.”

ಅವಳು ಹೋದ ಮೇಲೆ ಹಾಕಿಕೊಂಡು ನೋಡಿದೆ. ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲಿಲ್ಲ. ಕನ್ನಡಿಯ ಮುಂದೆ ಕೂತು ಅತ್ತುಬಿಟ್ಟೆ. ಮುಖ ಅವಳದೇ ಚೆಂದ. ಸುಡ್ಲಿ, ಮನಸ್ಸೂ ಅವಳದೇ ಚೆಂದ. ಎರಡರಲ್ಲಿ ಒಂದನ್ನಾದರೂ ನನಗೆ ಬಿಡಬಾರದಿತ್ತೇ?