ಯಾರೂ ಬಾರದ ದಿನ ಕುದಿಯುತ್ತಿದ್ದ ನೀರು

ನಾನು ಚಿಕ್ಕವನಿದ್ದಾಗ ನಡೆದ ಎಷ್ಟೋ ಸಂಗತಿಗಳನ್ನು ನಿಮಗೆ ಹೇಳಿದ್ದೇನೆ. ಬಾವಿಗೆ ಬಿದ್ದ ಟಗರಿನ ಕಥೆಯನ್ನಂತೂ ಈಗ ನೀವೇ ನನಗೆ ತಿರುಗಿ ಹೇಳುತ್ತೀರಿ. ಇದೊಂದನ್ನು ಮಾತ್ರ ಮುಂದೂಡುತ್ತಾ ಬಂದೆ. ಮಕ್ಕಳಿನ್ನೂ ಸಣ್ಣವರು ಎಂದು ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೇ ನಾಚಿಕೆಯಾಗುತ್ತಿತ್ತು.

ನಮ್ಮದು ಬಿಳಿಚೋಡಿನಿಂದಾಚೆಯ ಹಳ್ಳಿ. ಮಳೆ ನಂಬಿದ ಹೊಲ, ಒಂದಿಷ್ಟು ಕುರಿ, ಹಾದಿಯುದ್ದಕ್ಕೂ ಜಾಲಿಮುಳ್ಳು. ಊರಿನಲ್ಲಿ ಡಾಕ್ಟರಿರಲಿಲ್ಲ. ವಾರಕ್ಕೊಮ್ಮೆ ಮಿಷನ್ ಆಸ್ಪತ್ರೆಯ ಜೀಪು ಧೂಳೆಬ್ಬಿಸುತ್ತಾ ಬಂದು ಹಳೆಯ ಶೇಂಗಾ ಗೋದಾಮಿನ ಮುಂದೆ ನಿಲ್ಲುತ್ತಿತ್ತು. ಅದರಲ್ಲಿ ಒಬ್ಬ ಡ್ರೈವರ್, ಬಿಳಿ ಸೀರೆಯ ಒಬ್ಬ ನರ್ಸ್. ಎಲ್ಲರೂ ಅವರನ್ನು ಸಿಸ್ಟರಮ್ಮ ಎನ್ನುತ್ತಿದ್ದರು. ಹೆಸರನ್ನು ಯಾರೂ ಕೇಳಿರಲಿಲ್ಲ. ಅವರು ಬಂದೊಡನೆ ಸೀಮೆಎಣ್ಣೆ ಸ್ಟೋವು ಭರ್ರೆಂದು ಉರಿಯುತ್ತಿತ್ತು. ಅದರ ಮೇಲಿನ ಪಾತ್ರೆಯಲ್ಲಿ ಇಂಜೆಕ್ಷನ್ ಸೂಜಿಗಳು ಕಿಣಿಕಿಣಿ ಎನ್ನುತ್ತಾ ಕುದಿಯುತ್ತಿದ್ದವು. ಶೇಂಗಾ ಸಿಪ್ಪೆಯ ಹಳೆಯ ವಾಸನೆಗೆ ಸ್ಪಿರಿಟ್ಟಿನ ವಾಸನೆ ಬೆರೆಯುತ್ತಿತ್ತು.

ಕುಡಿಯುವ ಔಷಧಕ್ಕೆ ಬಾಟಲಿ ನಾವೇ ಒಯ್ಯಬೇಕಿತ್ತು. ಸಿಸ್ಟರಮ್ಮ ಅದನ್ನು ತುಂಬಿ, ಅಳತೆಗೆ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಕೊಡುವ ಮುಂಚೆ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು.

ಒಂದು ಸಂಜೆ ಕಟ್ಟೆಯ ಮೇಲೆ ದೊಡ್ಡವರು ಹರಟುತ್ತಿದ್ದರು. ನನಗೂ ನಡುವೆ ಒಂದು ಮಾತು ಹಾಕುವ ಆಸೆ. "ಸಿಸ್ಟರಮ್ಮ ಔಷಧಿಗೆ ಮಂತ್ರ ಹಾಕ್ತಾಳೆ, ನಾನು ಕಂಡೀನಿ" ಎಂದೆ. ಎಲ್ಲರೂ ಬೀಡಿ ಕೆಳಗಿಳಿಸಿ ನನ್ನತ್ತ ತಿರುಗಿದರು. ಆ ಖುಷಿಗೆ ಇನ್ನೊಂದು ಸೇರಿಸಿದೆ. "ಸೆರಗಿನ ಗಂಟಿಂದ ಒಂದು ಸಣ್ಣ ಸೀಸೆ ತೆಗ್ದು ಏನೋ ಹನಿ ಬಿಡ್ತಾಳೆ. ಕುಡಿದ್ರೆ ನಮ್ಮ ದೇವ್ರು ಮರ್ತೇ ಹೋಗ್ತಾನಂತೆ."

ಸೀಸೆಯೂ ಇರಲಿಲ್ಲ, ಹನಿಯೂ ಇರಲಿಲ್ಲ. ಆದರೆ ಮುಂದಿನ ವಾರ ಗೋದಾಮಿನ ಮುಂದೆ ಒಬ್ಬರೂ ಇರಲಿಲ್ಲ. ಅದರ ಮುಂದಿನ ವಾರವೂ ಅಷ್ಟೆ. ನಾನು ಬೇಲಿಯ ಮರೆಯಲ್ಲಿ ಕುಳಿತು ನೋಡಿದೆ.

"ಒಂದು ನಾಯಿನೂ ಬಂದಿಲ್ಲ ಸಿಸ್ಟರಮ್ಮಾ. ಸೀಮೆಎಣ್ಣೆ ಯಾಕೆ ಸುಡ್ತೀರಿ? ಗಾಡಿ ತಿರುಗಿಸ್ಲೇನ್ರಿ?" ಎಂದ ಡ್ರೈವರ್.

ಸಿಸ್ಟರಮ್ಮ ಸ್ಟೋವಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಲಿಲ್ಲ. "ಯಾರ್ನಾದ್ರೂ ಕಳಿಸಪ್ಪಾ ಅಂತ ಬೆಳಿಗ್ಗೆ ದೇವರ್ನ ಕೇಳ್ಕೊಂಡು ಬಂದೀನಿ. ಕೇಳ್ಕೊಂಡ ಮ್ಯಾಲೆ ನೀರೇ ಇಡದಿದ್ರೆ, ಆತನ್ನ ನಂಬಿದಂಗೆ ಹೆಂಗಾಗ್ತೈತೆ?"

"ನಿಮ್ಮ ದೇವರಿಗೆ ಸೀಮೆಎಣ್ಣೆ ರೇಟು ಗೊತ್ತಿಲ್ಲ ಬಿಡ್ರಿ!"

ಇಬ್ಬರೂ ನಕ್ಕರು. ಡ್ರೈವರ್ ಜೀಪಿನ ಕಡೆ ಹೋದ ಮೇಲೆ ಸಿಸ್ಟರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದನ್ನು ನೋಡಿದವನು ನಾನೊಬ್ಬನೇ.

ಆ ದಿನಗಳಲ್ಲೇ ಕುರಿ ಹಿಂದೆ ಹೋದ ಅಕ್ಕನ ಅಂಗಾಲಿಗೆ ಜಾಲಿಮುಳ್ಳು ನೆಟ್ಟಿತು. ಅಪ್ಪ ಕಿತ್ತಾಗ ತುದಿ ಒಳಗೇ ಮುರಿದು ಉಳಿಯಿತು. ಅರಿಶಿನ ಹಾಕಿ ಬಿಸಿ ಈರುಳ್ಳಿ ಕಟ್ಟಿದರೂ ಕಾಲು ಮೊಣಕಾಲಿನವರೆಗೆ ಬಾತುಕೊಂಡು ಮಿರಮಿರ ಹೊಳೆಯತೊಡಗಿತು. ಜೀಪು ಬರುವ ದಿನ ಬೆಳಿಗ್ಗೆ ಅಕ್ಕನ ಮೈ ಕಾದ ಹೆಂಚಿನಂತಿತ್ತು. ನನ್ನನ್ನು ನೋಡಿಯೂ ಗುರುತಿಸದೆ, ಕಣ್ಣು ಮೇಲೆ ಮಾಡಿ ಇಲ್ಲದ ಕುರಿಮರಿಯನ್ನು ಕರೆಯುತ್ತಿದ್ದಳು.

ದೂರದಲ್ಲಿ ಜೀಪಿನ ಸದ್ದು ಕೇಳಿಸಿತು. ಅಪ್ಪ ಕುಳಿತಲ್ಲಿಂದ ಏಳಲಿಲ್ಲ. "ಬ್ಯಾಡ. ಅವ್ರು ಔಷಧಿಗೆ ಏನೋ ಹನಿ ಬಿಡ್ತಾರಂತೆ. ಕಟ್ಟೆ ಮ್ಯಾಗೆ ಎಲ್ರೂ ಅಂತಾರೆ" ಎಂದ.

ನಾನು ಕಟ್ಟಿದ ಸುಳ್ಳು ಅಪ್ಪನ ಬಾಯಲ್ಲಿತ್ತು. ಅದು ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಏಟು ಬೀಳುತ್ತದೆಂದು ಹೆದರಿದೆ. ಅಳುತ್ತಾ ಬೇರೆ ಮಾತು ಹೇಳಿದೆ. "ಅಪ್ಪಾ, ಅಲ್ಲಿ ನೀರು ಕುದಿತಿರ್ತೈತೆ. ಯಾರಾದ್ರೂ ಬರ್ಲಿ ಅಂತ ಸಿಸ್ಟರಮ್ಮ ವಾರ ವಾರ ಇಡ್ತಾಳೆ."

"ಯಾರೂ ಹೋಗದಿದ್ರೂ?"

"ಹೂಂ. ಯಾರೂ ಹೋಗದಿದ್ರೂ."

ಅಪ್ಪ ಎದ್ದು ಅಕ್ಕನ ಹಣೆ ಮುಟ್ಟಿ ನೋಡಿದ. ಆಮೇಲೆ ಅವಳನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಅಷ್ಟು ಬಿರುಸಾಗಿ ಅಪ್ಪ ನಡೆದದ್ದನ್ನು ನಾನು ಮುಂದೆಂದೂ ಕಾಣಲಿಲ್ಲ.

ಸೂಜಿ ಕುದಿದು ಸಿದ್ಧವಾಗಿತ್ತು. ಸಿಸ್ಟರಮ್ಮ ಒಂದೇ ಒಂದು ಬೈಗುಳ ಆಡಲಿಲ್ಲ. ಗಾಯ ಕೊಯ್ದು ಕೀವು ಹೊರಗೆ ತೆಗೆದರು. ಮುರಿದ ಮುಳ್ಳನ್ನು ಚಿಮಟದಲ್ಲಿ ಹಿಡಿದು ತೋರಿಸಿದರು. ಇಂಜೆಕ್ಷನ್ ಕೈಗೆತ್ತಿಕೊಂಡವರು ಅಪ್ಪನ ಕಡೆ ತಿರುಗಿ ಕೇಳಿದರು, "ಯಜಮಾನ್ರೇ, ನಾನೊಂದು ಗಳಿಗೆ ಪ್ರಾರ್ಥನೆ ಮಾಡ್ಲೇನ್ರಿ? ನೀವು ಬ್ಯಾಡ ಅಂದ್ರೆ ಬ್ಯಾಡ."

ಅಪ್ಪ ಕಣ್ಣೊರೆಸಿಕೊಂಡ. "ನೀವು ನಿಮ್ಮ ದೇವರ್ನ ಕೇಳ್ರಿ ತಾಯೀ, ನಾನು ನಮ್ಮ ದೇವರ್ನ ಕೇಳ್ತೀನಿ. ಇಬ್ರಾಗೆ ಯಾರಿಗೆ ಮೊದ್ಲು ಕೇಳಿಸಿದ್ರೂ ಸೈ."

ಅಕ್ಕನನ್ನು ಜೀಪಿನಲ್ಲೇ ಆಸ್ಪತ್ರೆಗೆ ಒಯ್ದರು. ಹತ್ತುವ ಮುಂಚೆ ಅಪ್ಪ, "ತಾಯೀ, ನಿಮ್ಮ ಹೆಸರೇನ್ರಿ? ಮನೆದೇವರ ಮುಂದೆ ಹೇಳ್ಬೇಕು" ಎಂದು ಕೇಳಿದ. ಅವರು ಹೇಳಿದರು.

ಮುಂದೊಂದು ದಿನ ಅಕ್ಕ ತನ್ನ ಕಾಲಮೇಲೆ ನಡೆದು ಬಾವಿಗೆ ಹೋದಾಗ ಊರೇ ನೋಡಿತು. ಗೋದಾಮಿನ ಮುಂದೆ ಮತ್ತೆ ಬಾಟಲಿ ಹಿಡಿದವರ ಸಾಲು ನಿಂತಿತು. ನಾನೂ ಒಂದು ದಿನ ಬೊಗಸೆ ತುಂಬ ಹುರಿದ ಶೇಂಗಾ ಹಿಡಿದು ಹೋದೆ.

"ಏನೋ ಹೇಳಾಕೆ ಬಂದಂಗೈತಲ್ಲ ಮಗಾ?" ಎಂದರು ಸಿಸ್ಟರಮ್ಮ.

"ಏನಿಲ್ರಿ" ಎಂದೆ. ಶೇಂಗಾ ಕೊಟ್ಟು ಓಡಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಅವರನ್ನು ಬೇರೆ ಕಡೆ ಹಾಕಿದ್ದರು. ಜೀಪಿನಲ್ಲಿ ಬೇರೆಯವರು ಬಂದರು.

ಈಗ ನಿಮಗೆ ಜ್ವರ ಬಂದರೆ ಜಗಳೂರಿನ ಆಸ್ಪತ್ರೆಗೆ ಬೈಕಿನಲ್ಲಿ ಹೋಗಿಬರುತ್ತೀರಿ. ಸೂಜಿ ಪೊಟ್ಟಣದಿಂದ ಬರುತ್ತದೆ, ಒಮ್ಮೆ ಚುಚ್ಚಿ ಎಸೆಯುತ್ತಾರೆ. ಯಾರೂ ನೀರು ಕುದಿಸಿಕೊಂಡು ನಿಮ್ಮ ದಾರಿ ನೋಡಬೇಕಾಗಿಲ್ಲ. ನನ್ನ ಸುಳ್ಳು ಊರು ಸುತ್ತಲು ಒಂದು ಸಂಜೆಯಾದರೂ ಹಿಡಿಯಿತು, ನಿಮ್ಮ ಕೈಯ ಮೊಬೈಲಿಗೆ ಅಷ್ಟೂ ಹೊತ್ತು ಬೇಡ. ಯಾರನ್ನಾದರೂ ಕುರಿತು ಏನಾದರೂ ಕಳಿಸುವ ಮುಂಚೆ, ನೀವು ದೊಡ್ಡಜ್ಜಿ ಎಂದು ಕರೆಯುವ ನನ್ನ ಅಕ್ಕನ ಅಂಗಾಲು ನೋಡಿ. ಗಾಯದ ಗುರುತು ಇನ್ನೂ ಇದೆ.

ಅಪ್ಪ ಬದುಕಿರುವವರೆಗೂ ದೀಪ ಹಚ್ಚಿದಾಗ ಮನೆದೇವರ ಮುಂದೆ ಆ ಹೆಸರು ಹೇಳುತ್ತಿದ್ದ. ಪಕ್ಕದಲ್ಲಿ ಕೈಮುಗಿದು ನಿಲ್ಲುತ್ತಿದ್ದ ನಾನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ತಪ್ಪಾಯಿತು ಎಂದು ಅವರಿಗೆ ಹೇಳದವನಿಗೆ ಆ ಹೆಸರು ಹೇಳುವ ಯೋಗ್ಯತೆ ಎಲ್ಲಿಯದು ಅನ್ನಿಸುತ್ತಿತ್ತು. ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ. ಅವರ ಹೆಸರು ಜ್ಞಾನಮ್ಮ.